ಗಂಗವ್ವನ ಕಣ್ಣು ಮತ್ತು ಒಂದು ಅಗ್ಗದ ಕ್ಯಾಮೆರಾ

1978ರಲ್ಲಿ ನಾನು ಬೆಟಗೇರಿಯಲ್ಲಿ ಫೋಟೋ ಸ್ಟುಡಿಯೊ ನಡೆಸುತ್ತಿದ್ದೆ. ನನಗೆ ನಲವತ್ತೆರಡು ವಯಸ್ಸು, ನನ್ನ ಹೆಗಲಿಗೆ ಮಾತ್ರ ಅರವತ್ತಾಗಿತ್ತು. ಹೊರಗಿನ ಕೆಲಸಕ್ಕೆ ಹೊರಟರೆ ಕಟ್ಟಿಗೆಯ ದೊಡ್ಡ ಕ್ಯಾಮೆರಾ, ಅದರ ಮೂರು ಕಾಲಿನ ಸ್ಟ್ಯಾಂಡು, ಪ್ಲೇಟಿನ ಪೆಟ್ಟಿಗೆ, ತಲೆಗೆ ಹೊದ್ದುಕೊಳ್ಳುವ ಕರಿ ಬಟ್ಟೆ. ಇಷ್ಟು ಸಾಲದೆಂದು ಚರ್ಮದ ಪೆಟ್ಟಿಗೆಯಲ್ಲಿ ರೋಲ್ ಫಿಲ್ಮಿನ ಇನ್ನೊಂದು ಕ್ಯಾಮೆರಾ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ಸುಗಳ ಕಂಡಕ್ಟರರು ನನ್ನ ಲಗೇಜು ಕಂಡೊಡನೆ ಮುಖ ಗಂಟು ಹಾಕುತ್ತಿದ್ದರು.

ಹೊರಗಿನ ಕೆಲಸದಲ್ಲಿ ಅರ್ಧಕ್ಕರ್ಧ ಸಾವಿನ ಮನೆಯವು. ನಮ್ಮ ಕಡೆ ಅನೇಕ ಮನೆತನಗಳಲ್ಲಿ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂವು ಮುಡಿಸಿ ಫೋಟೋ ತೆಗೆಸುತ್ತಾರೆ. ಎಷ್ಟೋ ಜನರಿಗೆ ಅದೇ ಮೊದಲ ಫೋಟೋ. ಮನೆಯವರ ಬೇಡಿಕೆ ಒಂದೇ: ಕಣ್ಣು ತೆರೆದ ಹಾಗೆ ಮಾಡಿಕೊಡಿ. ಪ್ರಿಂಟಿನ ಮೇಲೆ ಸಣ್ಣ ಬ್ರಶ್ಶಿನಿಂದ ತೆರೆದ ಕಣ್ಣು ಬರೆಯುವ ಈ ಕೆಲಸಕ್ಕೆ ರೀಟಚಿಂಗ್ ಎನ್ನುತ್ತಿದ್ದೆವು. ಬರೆದು ಬರೆದು ಕೈಗೆ ರೂಢಿಯಾಗಿದ್ದ ಕಣ್ಣನ್ನೇ ನಾನು ಎಲ್ಲರಿಗೂ ಬರೆಯುತ್ತಿದ್ದೆ. ಯಾರೂ ತಕರಾರು ತೆಗೆದಿರಲಿಲ್ಲ, ನನಗೂ ನಾಚಿಕೆಯಾಗಿರಲಿಲ್ಲ.

ತಕರಾರು ತೆಗೆದವಳು ಕೊರ್ಲಹಳ್ಳಿಯ ನೀಲವ್ವ. ಅವಳ ತಾಯಿ ಗಂಗವ್ವ ತೀರಿಕೊಂಡ ದಿನ ಫೋಟೋ ತೆಗೆದವನು ನಾನೇ. ಕಣ್ಣು ಬರೆದು ಕೊಟ್ಟಿದ್ದೆ, ಅವಳು ಮನೆಗೆ ಒಯ್ದಿದ್ದಳು. ಎಂಟು ದಿನಕ್ಕೆ ಫೋಟೋ ಹಿಡಿದುಕೊಂಡು ತಿರುಗಿ ಬಂದಳು.

“ಚಂದ ಬರದೀರಿ. ಆದ್ರ ಇಕಿ ನಮ್ಮವ್ವ ಅಲ್ರಿ,” ಎಂದಳು. “ಅಕಿ ನಕ್ಕರ ಎಡಗಣ್ಣು ಅರ್ಧ ಮುಚ್ಚತಿತ್ತು. ಇವು ಯಾರ ಕಣ್ಣರಿ? ಇದನ್ನ ನೋಡಿ ನೋಡಿ ನಂಗ ಅವ್ವನ ಖರೆ ಮುಖಾನ ಮರತು ಹೊಂಟೇತಿ.”

ದಾರಿಯನ್ನೂ ಅವಳೇ ಹೇಳಿದಳು. ಸಿಂಗಟಾಲೂರಿನಲ್ಲಿರುವ ಅವಳ ಸೋದರಮಾವ ಫಕೀರಪ್ಪನದು ತಾಯಿಯದೇ ಕಣ್ಣು, ತಾಯಿಯದೇ ನಗು. ಅವನ ಫೋಟೋ ತೆಗೆದು, ಅದನ್ನು ನೋಡಿ ಬರೆಯಬೇಕು.

ಮಾರನೆಯ ವಾರ ಎಲ್ಲ ಸಾಮಾನು ಹೊತ್ತು ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ ಫಕೀರಪ್ಪ ನನ್ನ ಹೆಗಲ ಮೇಲಿನ ಸ್ಟ್ಯಾಂಡು ಕಂಡವನೇ ಎದ್ದು ನಿಂತ.

“ನಾ ಇನ್ನೂ ಸತ್ತಿಲ್ಲೋ ಮಾರಾಯಾ! ಆ ಮೂರು ಕಾಲಿಂದು ನಮ್ಮ ಹೊಸ್ತಿಲಾ ದಾಟಬಾರದು.”

ಚರ್ಮದ ಪೆಟ್ಟಿಗೆ ತೋರಿಸಿದೆ. ಅದನ್ನೂ ಅವನು ಸಾವಿನ ಮನೆಗಳಲ್ಲಿ ನೋಡಿದ್ದನಂತೆ. ಹಳ್ಳಿಯವರ ಕಣ್ಣಿಗೆ ನಾನು ಏನಾಗಿದ್ದೇನೆಂದು ಅಂದೇ ತಿಳಿದದ್ದು. ಮರಳಿ ಬರುವ ಬಸ್ಸಿಗಾಗಿ ಎರಡು ತಾಸು ಕಾದೆ. ಈ ಕಸುಬು ಸಾಕಪ್ಪಾ ಅನಿಸಿಬಿಟ್ಟಿತ್ತು.

ಆದರೂ ಹಳ್ಳಿಯವರು ಅಂಜದಂಥ ಸಣ್ಣ ಕ್ಯಾಮೆರಾ ಹುಡುಕಿಕೊಂಡು ಹೋದೆ. ಗದಗಿನ ಕ್ಯಾಮೆರಾ ಅಂಗಡಿಯವರು ಮೂರು ತೆಗೆದು ಗಾಜಿನ ಮೇಲಿಟ್ಟರು. ಒಂದು ವಿದೇಶಿ. ಲೆನ್ಸು ಚೆನ್ನಾಗಿತ್ತು, ಆದರೆ ಮೂವತ್ತಾರು ಫೋಟೋ ಮುಗಿಯುವವರೆಗೆ ರೋಲು ತೊಳೆಯುವಂತಿಲ್ಲ, ಬೆಲೆಯೂ ನನಗೆ ಎಟುಕುವಂತಿರಲಿಲ್ಲ. ಇನ್ನೊಂದು ಮಡಚುವಂಥ ಹಳೆಯದು, ಲೆನ್ಸಿನ ಹಿಂದಿನ ಚರ್ಮದ ತಿದಿಯಲ್ಲಿ ತೂತು, ಬೆಳಕು ಒಳಗೆ ಸೋರುತ್ತಿತ್ತು. ಮೂರನೆಯದು ಎಲ್ಲಕ್ಕಿಂತ ಅಗ್ಗ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು ಬಿಟ್ಟರೆ ತಿರುಗಿಸಲು ಏನೂ ಇಲ್ಲ. ಫೋಕಸ್ ಕೂಡ ಕಾಯಂ, ಆರು ಅಡಿಗಿಂತ ಹತ್ತಿರ ಹೋದರೆ ಮುಖ ಮಸುಕು. ಆದರೆ ಅದಕ್ಕೆ ನನ್ನ ರೋಲ್ ಕ್ಯಾಮೆರಾದ ಫಿಲ್ಮೇ ಸಾಕು, ಹನ್ನೆರಡು ಫೋಟೋ. ತೊಳೆಯುವುದಕ್ಕೂ ದೊಡ್ಡದು ಮಾಡುವುದಕ್ಕೂ ಹೊಸದೇನೂ ಬೇಕಿಲ್ಲ. ಕೈಚೀಲದಲ್ಲಿ ಬುತ್ತಿಯ ಪಕ್ಕ ಕೂರುತ್ತಿತ್ತು.

“ಅದು ಹುಡುಗರು ಹಿಡಿಯೂದ್ರಿ,” ಎಂದು ಅಂಗಡಿಯವರು ನಕ್ಕರು.

“ಇರ್ಲಿ, ಕೊಡ್ರಿ,” ಎಂದೆ.

ಮತ್ತೆ ಸಿಂಗಟಾಲೂರು. ಈ ಸಲ ಬರೀ ಕೈಚೀಲ ಹಿಡಿದು ಹೋಗಿ ಕಟ್ಟೆಯ ಮೇಲೆ ಕುಳಿತೆ, ನೀಲವ್ವನ ಸಂಕಟ ಹೇಳಿದೆ. ನಂತರ ಚೀಲದಿಂದ ಕ್ಯಾಮೆರಾ ತೆಗೆದು ಫಕೀರಪ್ಪನ ಕೈಗೇ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದ.

“ಇದೇನ್ರಿ, ಆಟಗಿ ಸಾಮಾನ? ಇದಕ್ಕ ಯಾವನ್ ಅಂಜತಾನ, ತಗೀರಿ!” ಎಂದು ನಗತೊಡಗಿದ.

ನಾಲ್ಕು ಹೆಜ್ಜೆ ಹಿಂದೆ ಸರಿದು, ಉಸಿರು ಬಿಗಿಹಿಡಿದು ನಾಲ್ಕು ಫೋಟೋ ತೆಗೆದೆ. ಎರಡು ಅಲುಗಿ ಮಸುಕಾಗಿದ್ದವು. ಒಂದರಲ್ಲಿ ಅವನು ತಲೆ ಕೆರೆದುಕೊಳ್ಳುತ್ತಿದ್ದ. ನಾಲ್ಕನೆಯದರಲ್ಲಿ ಎಡಗಣ್ಣು ಅರ್ಧ ಮುಚ್ಚಿ, ಬೊಚ್ಚು ಬಾಯಿ ತೆರೆದು ನಗುತ್ತಿದ್ದ.

ಅದನ್ನು ದೊಡ್ಡದು ಮಾಡಿದೆ. ಪಕ್ಕದಲ್ಲಿ ಗಂಗವ್ವನ ಹೊಸ ಪ್ರಿಂಟು ಇಟ್ಟುಕೊಂಡು ಬಣ್ಣ ಕಲಸುತ್ತಿದ್ದಾಗ ನೀಲವ್ವ ಬಂದಳು. ಮಾವನ ಫೋಟೋ ಕೈಗೆತ್ತಿಕೊಂಡವಳು ನಗುನಗುತ್ತಲೇ ಅತ್ತುಬಿಟ್ಟಳು.

“ಹಿಂಗ ನಗತಿದ್ಲರಿ. ಥೇಟ್ ಹಿಂಗ.”

ನಾನು ಬ್ರಶ್ಶು ಅದ್ದಿದೆ. ಅವಳು ತಾಯಿಯ ಮುಖದ ಮೇಲೆ ಅಂಗೈ ಅಡ್ಡ ಇಟ್ಟಳು.

“ಬ್ಯಾಡ್ರಿ. ನಮ್ಮವ್ವ ಕಣ್ಣ ಮುಚ್ಚಿದ್ದು ಖರೆ ಐತಿ. ಹಂಗ ಇರ್ಲಿ ಬಿಡ್ರಿ. ಅಕಿ ನಗೂದು ಮಾವನ ಕಡೆ ಐತಲ್ಲ.”

ಎರಡು ಫೋಟೋಗಳನ್ನೂ ಒಯ್ದಳು. ಅಂದಿನಿಂದ ನಾನು ಸತ್ತವರಿಗೆ ಕಣ್ಣು ಬರೆಯುವುದನ್ನು ಬಿಟ್ಟೆ. ಗಿರಾಕಿಗಳು ಗದಗಿನ ಬೇರೆ ಸ್ಟುಡಿಯೊಗಳಿಗೆ ಹೋದರು. ನಾನೂ ತಡೆಯಲಿಲ್ಲ.

ಕಾಣದೆ ಇರುವುದನ್ನು ಊಹಿಸಿ ಬರೆದರೆ, ಸತ್ತವರನ್ನು ಮನೆಯವರಿಂದ ಎರಡನೆಯ ಸಲ ಕಸಿದುಕೊಂಡಂತೆ. ಕಸುಬು ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ. ನೀಲವ್ವನೇನೋ ತಿರುಗಿ ಬಂದು ಹೇಳಿದಳು. ಅವಳಿಗಿಂತ ಮುಂಚೆ, ಏನೂ ಹೇಳದೆ ಫೋಟೋ ಒಯ್ದು ಗೋಡೆಗೆ ಹಾಕಿಕೊಂಡು, ದಿನಾ ನೋಡುತ್ತ ತಮ್ಮವರ ನಿಜವಾದ ಮುಖ ಮರೆತವರು ಎಷ್ಟು ಮಂದಿಯೋ.