ಚಂದ್ರಿಯ ಹೊಟ್ಟೆ

ಠಣ್ ಠಣ್. ರೋಣದ ಅಂಚಿನ ಆ ವೃದ್ಧಾಶ್ರಮದಲ್ಲಿ ಬೆಳಗಾಗುವುದು ಚಂದ್ರಿ ಎಂಬ ಆಡಿನ ಕೊರಳಗಂಟೆಯಿಂದ. ಶಿರೋಳದ ಬಾಳವ್ವ ಹುಟ್ಟಿದಾಗಿನಿಂದ ಆಡು ಕಾಯ್ದವಳು. "ಆಡು ಬಂದ್ರ ನಾ ಬರ್ತೀನಿ" ಎಂದು ಹಟ ಹಿಡಿದೇ ಇಲ್ಲಿಗೆ ಬಂದಿದ್ದಳು. ಆಶ್ರಮ ನೋಡಿಕೊಳ್ಳುವ ಉಮೇಶ ಕರಾರು ಹಾಕಿದ್ದ: ಒಂದು ತಿಂಗಳು ನೋಡೋಣ, ತೊಂದರೆಯಾದರೆ ಆಡು ಊರಿಗೆ ವಾಪಸ್.

ಉಳಿದ ಹತ್ತು ಮಂದಿ ತಮ್ಮ ತಮ್ಮ ಮಂಚದ ಮೇಲೇ ಉಂಡು, ತಮ್ಮ ತಮ್ಮ ಗೋಡೆ ನೋಡುತ್ತ ಕೂಡುವವರು. ಗಜೇಂದ್ರಗಡದ ಲೀಲಾಬಾಯಿಯವರಂತೂ ಮೂಗಿಗೆ ಸೆರಗು ಹಿಡಿದು, "ನಿನ್ನ ಚಂದ್ರಿ ನಾರತಾಳ" ಎನ್ನುತ್ತಿದ್ದರು.

"ನೀವ ಅತ್ತರು ಹಚ್ಚಿ ಕಳಸ್ರಿ, ಬಾಯಾರ" ಎನ್ನುತ್ತಿದ್ದಳು ಬಾಳವ್ವ.

ಇಪ್ಪತ್ತೊಂಬತ್ತನೆಯ ದಿನ ಗಂಟೆ ಕೇಳಿಸಲಿಲ್ಲ. ಬೇವಿನ ಬುಡದಲ್ಲಿ ಚಂದ್ರಿ ತಲೆ ತಗ್ಗಿಸಿ ನಿಂತಿತ್ತು. ಎಡಹೊಟ್ಟೆ ಉಬ್ಬಿ ನಗಾರಿಯಾಗಿತ್ತು.

"ಆಯಿ, ಮಧ್ಯಾಹ್ನ ಟಂಟಂ ಗಾಡಿ ಕರಸ್ತೀನಿ. ಊರಿಗೆ ಕಳಿಸಿಬಿಡೂಣು" ಎಂದ ಉಮೇಶ.

ಬಾಳವ್ವ ಪಡಸಾಲೆಗೆ ಹೋಗಿ ನಿಂತಳು. "ಯಾರ ಏನ ಹಾಕೀರಿ, ಖರೇ ಹೇಳ್ರಿ. ತಿಳೀಲಿಲ್ಲಂದ್ರ ಔಷಧ ಹ್ಯಾಂಗ ಹಾಕ್ಲಿ?"

ಮುಶಿಗೇರಿಯ ದ್ಯಾಮಪ್ಪ ಕೆಮ್ಮಿದ. "ನಾ ದಿನಾ ಒಂದ ರೊಟ್ಟಿ."

"ನೀನೂ?" ಯಮನೂರಸಾಬ ಮೊದಲ ಸಲ ಪಕ್ಕದ ಮಂಚದ ಕಡೆ ತಿರುಗಿದ. "ನನ್ನ ಕಡೆ ಅಷ್ಟ ಬರತಾಳಂತ ತಿಳಿದಿದ್ನಲ್ಲೋ."

ಲೆಕ್ಕ ಎಂಟು ರೊಟ್ಟಿಗೆ ಬಂತು. ಕೊನೆಗೆ ಲೀಲಾಬಾಯಿ ಸೆರಗು ಸರಿಪಡಿಸಿಕೊಂಡರು. "ನಿನ್ನೆ ಮನಿಯಿಂದ ಹೋಳಿಗಿ ಬಂದಿದ್ವು. ಎರಡ ಹಾಕೀನಿ."

"ಎರಡ?"

"ನಾಕು."

ಪಡಸಾಲೆಗೆ ಪಡಸಾಲೆಯೇ ನಕ್ಕಿತು.

ಅಜಿವಾನ, ಇಂಗು ಕದಡಿದ ಎಣ್ಣೆ ಚಂದ್ರಿಯ ಹೊಟ್ಟೆಗೆ ಹೋಯಿತು. ಇನ್ನು ನಿಲ್ಲಗೊಡದೆ ಅಡ್ಡಾಡಿಸಬೇಕು. ಬಾಳವ್ವನ ಮೊಣಕಾಲು ಎರಡೇ ಸುತ್ತಿಗೆ ಸೋತವು. ಹಗ್ಗ ದ್ಯಾಮಪ್ಪನ ಕೈಗೆ ಹೋಯಿತು, ಆಮೇಲೆ ಯಮನೂರಸಾಬನ ಕೈಗೆ. ಸರದಿ ಕಾಯುವವರು ಬೇವಿನ ಕಟ್ಟೆಯ ಮೇಲೆ ಸಾಲಾಗಿ ಕೂತು, ಯಾರು ಹೇಗೆ ಕದ್ದು ರೊಟ್ಟಿ ಉಳಿಸುತ್ತಿದ್ದರೆಂದು ಒಬ್ಬರಿಗೊಬ್ಬರು ಹೇಳತೊಡಗಿದರು. ಶಿವರಾತ್ರಿಯಲ್ಲಿ ಬಿದ್ದ ಮೇಲೆ ಮೆಟ್ಟಿಲಿಳಿಯದ ಲೀಲಾಬಾಯಿ ಬಾಳವ್ವನ ಭುಜ ಹಿಡಿದು ಇಳಿದರು. "ಹೋಳಿಗಿ ನಂದು. ಸುತ್ತೂ ನಂದು ಇರ್ಲಿ."

ಅವರ ಮೂರನೆಯ ಸುತ್ತಿನಲ್ಲಿ ಚಂದ್ರಿ ದೊಡ್ಡದಾಗಿ ತೇಗಿ, ಮೈ ಝಾಡಿಸಿತು. ಠಣ್ ಠಣ್.

ಉಮೇಶ ಫೋನು ಹಿಡಿದು ಬಂದ. "ಆಯಿ, ಟಂಟಂದಂವಗ ಏನ ಹೇಳ್ಲಿ?"

ಬಾಳವ್ವ ಚಂದ್ರಿಯ ಹೊಟ್ಟೆ ಸವರಿದಳು. ಲೀಲಾಬಾಯಿಯೇ ಅಂದರು: "ಈಕಿನ್ನ ಕಳಿಸಿದ್ರ ನನ್ನ ಯಾರ ಅಡ್ಡಾಡಸ್ತಾರೋ, ನೀ ಏನ?"

ಉಮೇಶ ಕಟ್ಟೆಯ ಮೇಲಿನ ಸಾಲನ್ನು ಒಮ್ಮೆ ನೋಡಿ, "ಬರೂದ ಬ್ಯಾಡಪಾ" ಎಂದು ಫೋನಿಟ್ಟ.

ಬಾಳವ್ವ ಕಟ್ಟೆಯ ಕಡೆ ತಿರುಗಿದಳು. "ಇನ್ನ ಮ್ಯಾಲೆ ಪಾಳಿ ಐತ್ರಿ. ದಿನಕ್ಕ ಅರ್ಧಾ ರೊಟ್ಟಿ, ಅಷ್ಟ. ಸೋಮವಾರ ದ್ಯಾಮಪ್ಪಂದು, ಮಂಗಳವಾರ ಯಮನೂರಸಾಬಂದು, ಬುಧವಾರ ಬಾಯಾರದು, ಹೋಳಿಗಿ ನಡ್ಯಾಂಗಿಲ್ಲ, ಗುರುವಾರ..."

ಅಷ್ಟರಲ್ಲಿ ಹಗ್ಗ ಬಿಡಿಸಿಕೊಂಡಿದ್ದ ಚಂದ್ರಿಯ ಗಂಟೆಯ ಸದ್ದು ಅಡುಗೆಮನೆಯ ಹಿಂದೆಲ್ಲೋ ಕೇಳಿಸಿತು. ಬಾಳವ್ವ ಸೆರಗು ಬಿಗಿದು ಅತ್ತ ಹೊರಟಳು, "ಗುರುವಾರ ಯಾರದಂದ್ರ..."