ಜಪದ ಪುಸ್ತಕದೊಳಗೆ ಬಂದ ಸಖಿ

ಮೊನ್ನೆ ಮೊಮ್ಮಗಳ ಲಗ್ನಪತ್ರಿಕೆಯ ಕಟ್ಟು ಬಿಚ್ಚಿದಾಗ ಹಸಿ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಪತ್ರಿಕೆ ಓದುವುದು ಬಿಟ್ಟು ನಾನು ನಗುತ್ತ ಕುಳಿತೆ. ಮುದುಕಿಗೆ ಏನಾಯಿತೆಂದು ಮನೆಯವರು ಮುಖ ಮುಖ ನೋಡಿಕೊಂಡರು. ನನಗೆ ನೆನಪಾದದ್ದು ನಮ್ಮ ಪಕ್ಕದ ಮನೆಯ ಅಕ್ಕೋರು...

ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದದ್ದು ಇಂಗ್ಲಿಷರ ಕಾಲದಲ್ಲಿ. ಗಂಡನಿಗೆ ರೈಲ್ವೆ ವರ್ಕಶಾಪಿನಲ್ಲಿ ಕೆಲಸ. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಅಕ್ಕೋರಿದ್ದರು. ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು, ಮದುವೆಯಾಗಿರಲಿಲ್ಲ. ನಮ್ಮ ಓಣಿಯ ಹೆಂಗಸರಿಗೆ ಅಕ್ಷರ ತಿದ್ದಿಸಿದವರು ಅವರೇ.

ಆಗ ನಮ್ಮ ಕ್ಯಾಥೊಲಿಕ್ ಚರ್ಚಿನಲ್ಲಿ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ. ಸ್ವಾಮಿಗಳು, ಅಂದರೆ ಪಾದ್ರಿಗಳು, ನಮಗೆ ಬೆನ್ನು ಮಾಡಿ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಜನ ತಮ್ಮ ತಮ್ಮ ಜಪದ ಪುಸ್ತಕ ಬಿಚ್ಚಿ ಓದಿಕೊಳ್ಳುವುದು ರೂಢಿ. ರೈಲಿನ ಗಾರ್ಡಸಾಹೇಬರ ಹೆಂಡಂದಿರ ಕೈಯಲ್ಲಿ ಅಂಚಿಗೆ ಬಂಗಾರ ಬಳಿದ ಇಂಗ್ಲಿಷ್ ಪುಸ್ತಕ. ಗೋವೆಯವರ ಕೈಯಲ್ಲಿ ಅಜ್ಜಿಯಿಂದ ಬಂದ ಕೊಂಕಣಿ ಪುಸ್ತಕ, ಅದರ ತುಂಬ ಸಂತರ ಚಿತ್ರ, ಸತ್ತವರ ಹೆಸರು. ಕನ್ನಡದವರಾದ ನಮಗೆ ಬರೇ ಜಪಸರ. ಮಣಿ ಸರಿಸುತ್ತ ಸರಿಸುತ್ತ ತೂಕಡಿಸುತ್ತಿದ್ದೆವು.

ಅಕ್ಕೋರಿಗೆ ಇದು ಸೇರಲಿಲ್ಲ. ವರ್ಷಗಟ್ಟಲೆ ಕುಳಿತು ಪ್ರಾರ್ಥನೆಗಳನ್ನು ಕನ್ನಡಕ್ಕೆ ತಂದರು. ಇಟಲಿಯಿಂದ ಬಂದಿದ್ದ ನಮ್ಮ ಸ್ವಾಮಿಗಳಿಗೆ ಅಷ್ಟು ಮನಸ್ಸಿರಲಿಲ್ಲ. ಹೆಂಗಸರಿಗೆ ಜಪಸರ ಸಾಲದೇ ಎಂದರಂತೆ. ಅದಕ್ಕೆ ಅಕ್ಕೋರು, "ಜಪಸರ ಕೈಗೆ ಸಾಕ್ರಿ ಸ್ವಾಮಿ, ಬಾಯಿಗೆ ಮಾತು ಬೇಕಲ್ರಿ" ಎಂದರಂತೆ. ಒಂದು ತಪ್ಪು ಕಂಡರೂ ಪುಸ್ತಕ ಬಂದ್ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಹಳೇ ಹುಬ್ಬಳ್ಳಿಯ ಒಂದು ಸಣ್ಣ ಛಾಪಖಾನೆಯಲ್ಲಿ ಅಚ್ಚಾಯಿತು. ಊರಿಗೆ ಬಂದಿದ್ದ ನಾಟಕ ಕಂಪನಿಯವರು ನೋಡಲು ಬಂದವರಿಗೆ ಮಾರುವ ಹಾಡಿನ ಪುಸ್ತಕವೂ ಆಗಲೇ, ಅಲ್ಲೇ ಅಚ್ಚಾಗುತ್ತಿತ್ತು. ಅದು ನಮಗೆ ತಿಳಿದದ್ದು ಆಮೇಲೆ...

ಮೊದಲ ಭಾನುವಾರ ನಾವೆಲ್ಲ ಹಸಿ ಶಾಯಿ ವಾಸನೆಯ ಹೊಸ ಪುಸ್ತಕ ಹಿಡಿದು ಜಂಬದಿಂದ ಕುಳಿತೆವು. ಮನಸ್ಸಿನಲ್ಲಿ ಓದಲು ಯಾರಿಗೂ ಬರುತ್ತಿರಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಪಿಸುಗುಟ್ಟುವುದೇ. ಪರಮಪ್ರಸಾದ ತೆಗೆದುಕೊಂಡು ಬಂದು ಪುಟ ತಿರುವಿದರೆ, "ಪ್ರಾಣನಾಥಾ, ಯಾಕಿಷ್ಟು ತಡ? ದೀಪ ಹಚ್ಚಿ ದಾರಿ ಕಾದೆ" ಎಂದಿತ್ತು. ಎಷ್ಟು ಚಂದದ ಪ್ರಾರ್ಥನೆ ಎನ್ನಿಸಿತು. ನನ್ನ ಮಗ್ಗುಲಿಗಿದ್ದ ಬಟ್ಲರನ ಹೆಂಡತಿ, ಗಂಡ ತೀರಿಹೋದ ಮುದುಕಿ, ಕಣ್ಣೀರು ಸುರಿಸುತ್ತ ಓದುತ್ತಿದ್ದಳು. ಅದರ ಕೆಳಗೆ ಕಂಸದೊಳಗೆ ಒಂದು ಸಾಲು: "ಇಷ್ಟು ಹೇಳಿ ಸಖಿಯು ಪರದೆಯ ಹಿಂದೆ ಸರಿಯುವಳು."

ನಾನು ಅಲ್ಲಿಗೇ ತಡೆದೆ. ಮುದುಕಿ ತಡೆಯಲಿಲ್ಲ. ಪುಸ್ತಕ ಹೇಳಿದಂತೆ ಎದ್ದು, ಪಾಪ ಹೇಳಿಕೊಳ್ಳುವ ಗೂಡಿನ ಪರದೆ ಸರಿಸಿ, ಅದರ ಹಿಂದೆ ಹೋಗಿ ಭಕ್ತಿಯಿಂದ ನಿಂತಳು. ಅವಳನ್ನು ನೋಡಿ ಇನ್ನಿಬ್ಬರು ಹೋದರು. ಒಳಗೆ ಜಾಗ ಸಾಲದೆ ಪರದೆ ಉಬ್ಬಿತು. ಮುಂದಿನ ಬೆಂಚಿನಿಂದ ತಿರುಗಿ ನೋಡಿದ ಅಕ್ಕೋರು ತಮ್ಮ ಪುಸ್ತಕದ ಆ ಪುಟ ತೆಗೆದರು. ಅವರ ಮುಖ ಬಿಳಿಚಿಕೊಂಡಿತು.

ಅತ್ತ ನಾಟಕದವರಿಗೂ ಪೀಡೆ ತಪ್ಪಿರಲಿಲ್ಲ. "ಇಲ್ಲಿ ಎದೆ ಬಡಿದುಕೊಳ್ಳುವುದು" ಎಂದು ಹಾಡಿನ ಪುಸ್ತಕದಲ್ಲಿದೆ, ನಾಯಕಿ ಯಾಕೆ ಬಡಿದುಕೊಳ್ಳಲಿಲ್ಲವೆಂದು ಮಂದಿ ಗಲಾಟೆ ಮಾಡಿದ್ದರಂತೆ. ಎದೆ ಬಡಿದುಕೊಳ್ಳುವುದು ನಮ್ಮ ಪಶ್ಚಾತ್ತಾಪದ ಪ್ರಾರ್ಥನೆಯದು. ಛಾಪಖಾನೆಯಲ್ಲಿ ಎರಡೂ ಪುಸ್ತಕಗಳ ಹಾಳೆ ಅದಲುಬದಲಾಗಿದ್ದವು.

ಅಕ್ಕೋರು ತಾವಾಗಿಯೇ ಸ್ವಾಮಿಗಳ ಬಳಿ ಹೊರಟರು, ನನ್ನನ್ನೂ ಕರೆದೊಯ್ದರು. ಸ್ವಾಮಿಗಳಿಗೆ ಕನ್ನಡ ಅಷ್ಟಕ್ಕಷ್ಟೇ. ಆ ಪುಟ ಓದಿಸಿ, ಕಣ್ಣು ಮುಚ್ಚಿ ಕೇಳಿ, ಇದನ್ನು ಬರೆದ ಸಂತರು ಯಾರೆಂದರು. ಯಾವ ಸಂತರ ಹೆಸರು ಹೇಳಿದ್ದರೂ ನಡೆದುಹೋಗುತ್ತಿತ್ತು.

"ಸಂತರದಲ್ರಿ ಸ್ವಾಮಿ, ನಾಟಕದ ಪದ ಐತ್ರಿ" ಎಂದರು ಅಕ್ಕೋರು.

ಸ್ವಾಮಿಗಳ ಗಡ್ಡ ಅಲುಗಾಡಿತು. ಸಿಟ್ಟೋ ನಗುವೋ ತಿಳಿಯಲಿಲ್ಲ. ಕಡೆಗೆ, ಪುಸ್ತಕ ಇರಲಿ, ಆ ಪುಟಗಳನ್ನು ಕತ್ತರಿಸಿರಿ ಎಂದರು.

ಕತ್ತರಿ ಹಿಡಿದು ಮನೆಮನೆಗೆ ಹೋದೆವು. ಎಲ್ಲರೂ ಪುಸ್ತಕ ಕೊಟ್ಟರು, ಮುದುಕಿ ಮಾತ್ರ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ನಮ್ಮ ಮನಿಯವರು ಹೋದಾಗಿಂದ ಅವರ ಕೂಡ ಮಾತಾಡಾಕ ನನಗ ಮಾತು ಸಿಕ್ಕಿದ್ದಿಲ್ರಿ ಅಕ್ಕೋರ. ಈಗ ಸಿಕ್ಕೈತಿ. ಕತ್ತರಸಬ್ಯಾಡ್ರಿ."

ಅಕ್ಕೋರು ಮೆಲ್ಲಗೆ ಪುಸ್ತಕ ಇಸಿದುಕೊಂಡು, ಸಖಿಯ ಆ ಒಂದು ಸಾಲನ್ನಷ್ಟೇ ಕತ್ತರಿಸಿ, ಮರಳಿ ಅವಳ ಕೈಗಿತ್ತರು. ಸ್ವಾಮಿಗಳಿಗೆ ಏನು ಹೇಳುತ್ತೀರೆಂದು ದಾರಿಯಲ್ಲಿ ಕೇಳಿದೆ.

"ಕತ್ತರಿ ಹಾಕೇನ್ರಿ ಅಂತೇನಿ. ಖರೇನ ಅಲ್ಲೇನು?"

ವಯಸ್ಸಾದ ಮೇಲೆ ಅಕ್ಕೋರು ತಮ್ಮನ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂಬ ಸುದ್ದಿ ತಡವಾಗಿ ಬಂತು. ಮಣ್ಣಿಗೆ ಹೋಗಲಾಗಲಿಲ್ಲ... ಈಗ ಪೂಜೆ ಕನ್ನಡದಲ್ಲೇ ಆಗುತ್ತದೆ. ಸ್ವಾಮಿಗಳು ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಹುಡುಗರು ಮುದುಕರು ಎನ್ನದೆ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಹೇಳುತ್ತೇವೆ. ಜಪದ ಪುಸ್ತಕ ಯಾರ ಕೈಯಲ್ಲೂ ಇಲ್ಲ, ಬೇಕಾಗಿಯೂ ಇಲ್ಲ. ಅಕ್ಕೋರು ಇದನ್ನೊಂದು ಕೇಳಿ ಹೋಗಬೇಕಿತ್ತು.