ಡಾಕ್ಟರರ ಪಟ್ಟಿಯೂ ನಮ್ಮಕ್ಕನೂ

ಇಪ್ಪತ್ತು ವರ್ಷ ಪರರ ಬರಹವನ್ನು ಟೈಪು ಮಾಡಿ ಹೊಟ್ಟೆ ಹೊರೆದವಳು ನಾನು. ಅರ್ಜಿ, ಕರಾರು, ವಕೀಲರ ನೋಟೀಸು, ಗುಮಾಸ್ತರ ಬಡ್ತಿಯ ಬೇಡಿಕೆ, ಎಲ್ಲವನ್ನೂ ಬಡಿದಿದ್ದೇನೆ. ಅವುಗಳಲ್ಲಿ ಸುಳ್ಳು ಎಷ್ಟಿತ್ತು ಎಂದು ಕೇಳಬೇಡಿ, ಅದನ್ನು ನಾನು ಕೇಳಿದ್ದರೆ ನನ್ನ ಒಲೆ ಹತ್ತುತ್ತಿರಲಿಲ್ಲ. ಆದರೆ ಒಬ್ಬ ಡಾಕ್ಟರರ ಪಟ್ಟಿಯಷ್ಟು ನಾಚಿಕೆಗೇಡಿ ಹಾಳೆ ನನ್ನ ಮಷಿನ್ನಿನಿಂದ ಮತ್ತೊಂದು ಹೊರಬಿದ್ದಿಲ್ಲ.

ಎಪ್ಪತ್ತರ ದಶಕದ ಮಾತು. ವಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆಯ ಪಡಸಾಲೆಯೇ ನನ್ನ ಅಂಗಡಿ. ಊರಲ್ಲಿ ಇಂಗ್ಲಿಷ್ ಟೈಪು ಮಾಡುವವರು ಬೇಕಾದಷ್ಟು ಜನ ಇದ್ದರು, ತಪ್ಪಿಲ್ಲದೆ ಮಾಡುವವಳು ನಾನೊಬ್ಬಳೇ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕಿನ ವಾಸನೆ ಹಿಡಿದೇ ಡಾಕ್ಟರರು ಬಂದರು. ಮೂಲ ತಿಕೋಟಾದವರು, ಅಥಣಿ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿ, ಅದರ ಮುಂದಿನ ಎರಡು ಕೋಣೆಗಳಲ್ಲಿ ದವಾಖಾನೆ ಇಟ್ಟಿದ್ದರು. ರೋಗಿಗಳನ್ನು ನೋಡುವುದು ಅವರಿಗೆ ಉಪಕಸುಬು. ನಿಜವಾದ ಕಸುಬು ಸಂಶೋಧನೆ.

ಕ್ಷಯಕ್ಕೆ ಹಾಕುವ ಲಸಿಕೆಯನ್ನು ಕ್ಯಾನ್ಸರಿನ ಗಂಟಿಗೆ ಚುಚ್ಚುವುದು ಅವರ ಸಂಶೋಧನೆ. ಆಗ ಹೊರದೇಶಗಳಲ್ಲಿ ದೊಡ್ಡ ದೊಡ್ಡವರೇ ಅದರ ಹಿಂದೆ ಬಿದ್ದಿದ್ದರಂತೆ, ಅವರನ್ನು ನಾನು ಏನೂ ಅನ್ನುವುದಿಲ್ಲ. ನಮ್ಮ ಡಾಕ್ಟರರು ಮಾತ್ರ, ನನ್ನನ್ನು ಮರ್ಯಾದೆಗೆ ಬಾಯಾರ ಎಂದು ಕರೆಯುತ್ತ, ಅದನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. "ಮೈಯಾಗ ಸಿಪಾಯಿಗೋಳು ಮಕ್ಕೊಂಡಿರ್ತಾರ ಬಾಯಾರ. ನಾವು ಸೂಜಿ ಚುಚ್ಚಿ ಎಬ್ಬಸ್ತೀವಿ. ಎದ್ದವರು ಗಂಟನ್ನ ತಿಂದು ಹಾಕ್ತಾರ." ಅಷ್ಟೇ ಸುಲಭವಾಗಿದ್ದರೆ ನಮ್ಮ ಪೊಲೀಸ್ ಚೌಕಿಯ ಸಿಪಾಯಿಗಳನ್ನೂ ಯಾರಾದರೂ ಚುಚ್ಚಿ ನೋಡುತ್ತಿದ್ದರು.

ಪ್ರತಿ ವರ್ಷ ಒಂದಲ್ಲ ಒಂದು ಹುದ್ದೆಗೋ ಪಾರಿತೋಷಕಕ್ಕೋ ಅರ್ಜಿ ಹಾಕುವುದು ಅವರ ಚಟ. ಅದರ ಜೊತೆಗೆ ಪ್ರಕಟಣೆಗಳ ಪಟ್ಟಿ ಬೇಕು. ಮೊದಲ ಸಲ ತಂದಾಗ ಆ ಪಟ್ಟಿ ನನ್ನ ಅಂಗೈ ಉದ್ದವೂ ಇರಲಿಲ್ಲ. "ಎರಡು ಹಾಳಿ ಆಗಬೇಕ್ರಿ ಬಾಯಾರ. ಒಂದು ಹಾಳಿಯವಗ ಯಾರೂ ಕುರ್ಚಿ ಕೊಡಂಗಿಲ್ಲ" ಎಂದರು.

ಆಗ ನಾನು ನನ್ನ ಜಾಣತನ ತೋರಿಸಿದೆ. ಸುಟ್ಟ ಜಾಣತನ! ಒಂದೇ ಬರಹವನ್ನು ಸಭೆಯಲ್ಲಿ ಓದಿದ್ದು ಒಮ್ಮೆ, ಅದರ ಸಾರಾಂಶ ಬಂದದ್ದು ಇನ್ನೊಮ್ಮೆ, ಪೂರ್ತಿ ಅಚ್ಚಾದದ್ದು ಮತ್ತೊಮ್ಮೆ ಎಂದು ಮೂರು ಕಡೆ ಹಾಕಿದೆ. ಅಂಚು ಅಗಲ ಬಿಟ್ಟೆ, ಸಾಲುಗಳ ನಡುವೆ ಕತ್ತೆ ಹೊರಳುವಷ್ಟು ಜಾಗ ಬಿಟ್ಟೆ. ಎರಡು ಹಾಳೆ ತುಂಬಿತು. ಡಾಕ್ಟರರು ಕೆಳಗೆ ಸಹಿ ಹಾಕಿದರು. ಓದಿ ನೋಡಲಿಲ್ಲ. ನಾನು ಬಡಿದದ್ದನ್ನು ಅವರು ಎಂದೂ ತಿರುಗಿ ಓದಿದವರಲ್ಲ, "ನಿಮ್ಮ ಕೈಯಾಗ ತಪ್ಪು ಆಗಂಗಿಲ್ಲ ಬಿಡ್ರಿ" ಎನ್ನುತ್ತಿದ್ದರು. ಆ ಹೊಗಳಿಕೆಗೆ ನಾನು ಉಬ್ಬುತ್ತಿದ್ದೆ.

ಆಮೇಲೆ ಬಿಸ್ಕೀಟಿನ ಡಬ್ಬಿ ಬಂತು. ಅದರಲ್ಲಿ ಪರದೇಶದ ಕಾರ್ಡುಗಳು. ಒಂದರ ಮೇಲೆ ಒಂಟೆಯ ಸ್ಟಾಂಪು, ಒಂದರ ಮೇಲೆ ರಾಣಿಯ ಮುಖ. "ಇಷ್ಟು ಮಂದಿ ನನ್ನ ಕೆಲಸ ಉಲ್ಲೇಖ ಮಾಡ್ಯಾರ. ಎಲ್ಲಾ ದೇಶದ ಹೆಸರು ಬರೀರಿ" ಎಂದರು. ಬರೆದೆ. ಬರೆಯುತ್ತ ಬರೆಯುತ್ತ ಕಾರ್ಡುಗಳನ್ನು ಓದಿದೆ. ಎಲ್ಲದರಲ್ಲೂ ಅಚ್ಚಾದ ಒಂದೇ ಮಾತು: ನಿಮ್ಮ ಲೇಖನ ಇಲ್ಲಿ ಸಿಗುತ್ತಿಲ್ಲ, ದಯವಿಟ್ಟು ಒಂದು ಪ್ರತಿ ಕಳಿಸಿ.

"ಇವರು ಇನ್ನೂ ಓದೇ ಇಲ್ಲಲ್ರಿ ಡಾಕ್ಟರ್ರ. ಓದಾಕ ಕೊಡ್ರಿ ಅಂತ ಕೇಳ್ಯಾರ" ಎಂದೆ.

"ಕೇಳ್ಯಾರ ಅಂದ್ರ ಬೇಕಾಗೈತಿ ಅಂತ ಅರ್ಥ. ಬೇಕಾಗೈತಿ ಅಂದ್ರ ಒಪ್ಪ್ಯಾರ ಅಂತ ಅರ್ಥ."

"ಕಳಿಸೀರೇನ?"

"ವಿಮಾನದ ಟಪಾಲ ಅಂದ್ರ ಸಸ್ತಾ ಅಂತ ತಿಳದೀರೇನ್ರಿ? ಕಾರ್ಡು ಬಂತಲ್ಲ, ಸಾಕು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ಕೇಳಿದ್ದೆ. ಎತ್ತು ಈದಿದೆಯೇ ಎಂದು ಯಾರೋ ವಿಚಾರಿಸಿದ್ದಕ್ಕೇ ಗಿಣ್ಣ ಹಂಚಿದವರನ್ನು ಇವರಲ್ಲೇ ನೋಡಿದ್ದು. ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿ ನಕ್ಕೆ. ನಕ್ಕು, ಮತ್ತೆ ಮಷಿನ್ನಿಗೆ ಕೂತು ದೇಶಗಳ ಹೆಸರನ್ನೆಲ್ಲ ದಪ್ಪ ಅಕ್ಷರದಲ್ಲಿ ಬಡಿದೆ. ಅವರಿಗಿಂತ ನಾನೇನು ಕಡಿಮೆ?

ಹೀಗಿರುವಾಗ ಬಬಲೇಶ್ವರದಿಂದ ಭಾವನ ಜೊತೆ ನಮ್ಮಕ್ಕ ಬಂದಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅಲ್ಲಿ ಎರೆಹೊಲ, ಎಮ್ಮೆ, ಮೂರು ಮಕ್ಕಳು, ತುಂಬಿದ ಮನೆ. ಅಡುಗೆಮನೆಯ ಬಾಗಿಲು ಹಾಕಿ ಕುಪ್ಪಸ ಬಿಚ್ಚಿ ತೋರಿಸಿದಳು. ಎಡಗಡೆ, ಹುಣಸೆಬೀಜದಂಥ ಗಟ್ಟಿ ಗಂಟು.

ಭಾವ ಶ್ಯಾಣ್ಯಾ, ತಿಳಿವಳಿಕೆಯ ಮನುಷ್ಯ. "ಮಿರಜಿನ ದೊಡ್ಡ ದವಾಖಾನಿಗೆ ಕರಕೊಂಡು ಹೊಂಟೇನಿ. ಕೊಯ್ದು ತಗೀತಾರಂತ. ಗಾಡಿಗೆ ಹೇಳಿ ಬಂದೇನಿ" ಎಂದ.

ಅಕ್ಕ ನನ್ನ ಸೆರಗು ಹಿಡಿದಳು. "ಕೊಯ್ಯಿಸ್ಕೋಳಾಕ ಒಲ್ಲೆ ಬೇ. ಬ್ಯಾರೆ ಏನರ ಐತೇನು ನೋಡು. ನೀ ಇಂಗ್ಲಿಷ್ ಓದಿದಾಕಿ."

ನಾನು ಇಂಗ್ಲಿಷ್ ಓದಿದವಳು! ಮೂರನೆಯ ಕಾರ್ಬನ್ ಪ್ರತಿಯನ್ನು ಪಾತ್ರೆ ಇಡುವ ಗೋಡೆಯ ಮಾಡದಲ್ಲಿ ಹಾಸುವುದು ನಮ್ಮ ಮನೆಯ ರೂಢಿ. ಎದ್ದು ಹೋಗಿ ಹಿತ್ತಾಳೆಯ ತಂಬಿಗೆ ಸರಿಸಿ, ಡಾಕ್ಟರರ ಪಟ್ಟಿಯನ್ನು ಎಳೆದು ತಂದೆ. ಭಾವನ ಮುಂದೆ ಒಂದೊಂದೇ ಸಾಲು ಓದಿದೆ, ಒಂದೊಂದೇ ದೇಶದ ಹೆಸರು ಹೇಳಿದೆ. ಅದರಲ್ಲಿ ಮೂರರಲ್ಲಿ ಎರಡು ಸಾಲು ನನ್ನ ಕೈಚಳಕ ಎಂದು ಹೇಳಲಿಲ್ಲ. ಕಾರ್ಡಿನ ಕಥೆಯನ್ನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಅಕ್ಕ ನನ್ನನ್ನು ಅಷ್ಟು ಆಸೆಯಿಂದ ನೋಡುತ್ತಿದ್ದಳು. ಓದುತ್ತ ಓದುತ್ತ ನಾನೇ ಅದನ್ನು ನಂಬಿಬಿಟ್ಟೆ.

"ಇಷ್ಟೆಲ್ಲಾ ಅಚ್ಚಾಗೈತಿ ಅಂದ್ರ ಸುಳ್ಳ ಇರಂಗಿಲ್ಲ ಬಿಡು" ಎಂದು ಭಾವ ಮಿರಜಿಗೆ ಹೇಳಿದ್ದ ಗಾಡಿಯನ್ನು ಬೇಡವೆಂದ.

ಡಾಕ್ಟರರು ಚುಚ್ಚಿದರು. ವಾರಕ್ಕೊಮ್ಮೆ ಬಬಲೇಶ್ವರದ ಬಸ್ಸಿನಲ್ಲಿ ಬಂದು ಚುಚ್ಚಿಸಿಕೊಂಡು ಹೋದಳು. ಚುಚ್ಚಿದ ಜಾಗ ಕೀವಾಯಿತು, ಮೈ ಕೆಂಡವಾಗಿ ಹಲ್ಲು ಕಟಕಟ ಕಡಿಯುವ ಚಳಿಜ್ವರ ಬಂತು. ನಾನು ಹೆದರಿ ಓಡಿದರೆ ಡಾಕ್ಟರರಿಗೆ ಹಬ್ಬ. "ಹುಣ್ಣಾತೇನ? ಭಾಳ ಚಲೋ ಆತು! ಸಿಪಾಯಿಗೋಳು ಎದ್ದಾರ!" ಎಂದು ವಹಿಯಲ್ಲಿ ಬರೆದುಕೊಂಡರು. ಸಿಪಾಯಿಗಳು ಎದ್ದರೋ ಬಿಟ್ಟರೋ, ಅಕ್ಕ ಏಳದಂತಾದಳು. ಕಡೆಗೆ ಮಿರಜಿಗೆ ಹೋದಾಗ ಅಲ್ಲಿನವರು ಕಂಕುಳು ಮುಟ್ಟಿ ನೋಡಿ, "ತಡ ಮಾಡೀರಿ" ಎಂದಷ್ಟೇ ಹೇಳಿದರು. ಜೋಳದ ಸುಗ್ಗಿಗೆ ಮೊದಲೇ ಅವಳನ್ನು ಬಬಲೇಶ್ವರದ ಅವರ ಹೊಲದಲ್ಲೇ ಮಣ್ಣು ಮಾಡಿದೆವು. ನಾನೇ ಹೋಗಿ ಡಾಕ್ಟರರಿಗೆ ತಿಳಿಸಿದೆ. "ದೇವರ ಇಚ್ಛಾ" ಎಂದು ಅವರು ಕೈ ತೊಳೆದುಕೊಂಡರು. ಮಾತಿಗೆ ಹೇಳುತ್ತಿಲ್ಲ, ಅಲ್ಲೇ ಮೂಲೆಯ ಬೇಸಿನ್ನಿನಲ್ಲಿ ಸಾಬೂನು ಹಚ್ಚಿ ತೊಳೆದುಕೊಂಡರು.

ವರ್ಷ ತುಂಬುವುದರೊಳಗೆ ಹೊಸ ಲೇಖನ ತಂದರು. ಒಬ್ಬ ರೋಗಿಯ ಕಥೆ. ಬಬಲೇಶ್ವರದ ಕಡೆಯ ರೈತ ಮಹಿಳೆ, ಮೂರು ಮಕ್ಕಳ ತಾಯಿ, ಎಡ ಮೊಲೆಯ ಗಂಟು. ಟೈಪು ನಿಲ್ಲಿಸಿ ಹಾಳೆ ತಿರುವಿದೆ. ಕೊನೆಯಲ್ಲಿ ಹೀಗೆ ಬರೆದಿತ್ತು: ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದಳು, ಆಮೇಲೆ ಸಂಪರ್ಕಕ್ಕೆ ಸಿಗಲಿಲ್ಲ.

"ಡಾಕ್ಟರ್ರ, ಈಕಿ ಸಿಗಲಿಲ್ಲ ಅಂದ್ರ ಏನ್ರಿ?"

"ಹಂಗ ಬರಿಯೂ ಪದ್ಧತಿ ಐತಿ ಬಾಯಾರ. ಸತ್ಳು ಅಂತ ಬರದ್ರ ಯಾರು ಅಚ್ಚು ಹಾಕ್ತಾರ?" ಎಂದು ಚಹಾ ಗುಟುಕರಿಸಿದರು. ಅವರ ಮುಖ ನೋಡಿದೆ. ಕಳ್ಳತನದ ಸುಳಿವಿಲ್ಲ, ಸಂಕೋಚವಿಲ್ಲ. ಈಕೆ ಯಾರ ಅಕ್ಕ ಎಂಬುದೇ ಅವರಿಗೆ ನೆನಪಿರಲಿಲ್ಲ. ಆ ಕ್ಷಣ ಅವರ ಕೈಯ ಬಿಸಿ ಚಹಾ ಕಸಿದು ಅವರ ತಲೆಯ ಮೇಲೆಯೇ ಸುರಿಯಬೇಕು ಅನ್ನಿಸಿತು.

ಸುರಿಯಲಿಲ್ಲ. ಟೈಪು ಮಾಡಿದೆ. ಅವರ ಕೊನೆಯ ಸಾಲಿನ ಜಾಗದಲ್ಲಿ, ಚುಚ್ಚಿದ್ದರಿಂದ ಗಂಟು ಕರಗಲಿಲ್ಲ, ಹುಣ್ಣಾಯಿತು, ಜ್ವರ ಬಂತು, ಗಂಟು ಕಂಕುಳಿಗೆ ಹಬ್ಬಿತು, ರೋಗಿ ಸತ್ತಳು ಎಂದು ಬಡಿದೆ. ಇಂಗ್ಲಿಷಿನಲ್ಲಿ ನಾನು ಸ್ವಂತವಾಗಿ ಬರೆದ ಮೊದಲ ಸಾಲು ಅದೇ. ಡಾಕ್ಟರರು ಎಂದಿನಂತೆ ಕೆಳಗೆ ಸಹಿ ಹಾಕಿ ಲಕೋಟೆ ಅಂಟಿಸಿದರು.

ಅಚ್ಚಾಯಿತು. ಆಗಲೂ ಅವರು ಓದಲಿಲ್ಲ. ಮೇಲಿನ ತಮ್ಮ ಹೆಸರಿಗೆ ಬೆರಳು ಸವರಿ, ಪ್ರತಿಗಳ ಕಟ್ಟನ್ನು ನನ್ನ ಮನೆಯಲ್ಲೇ ಇಟ್ಟು ಹೋದರು. ಪರದೇಶದಿಂದ ಒಂದು ಕಾರ್ಡು ಬಂತು, ಎಂದಿನ ಹಾಗೆ ಪ್ರತಿ ಕಳಿಸಿ ಎಂದು. ಅದನ್ನು ಪಟ್ಟಿಗೆ ಸೇರಿಸಲು ನನಗೆ ಕೊಟ್ಟರು. ಈ ಸಲ ನಾನು ಟಪಾಲು ಕಚೇರಿಗೆ ನಡೆದು ಹೋಗಿ, ಒಂದು ಪ್ರತಿಯಲ್ಲಿ ನಾನು ಬರೆದ ಸಾಲಿನ ಕೆಳಗೆ ಕೆಂಪು ಪೆನ್ಸಿಲ್ ಎಳೆದು, ವಿಮಾನದ ಸ್ಟಾಂಪು ಹಚ್ಚಿ ಕಳಿಸಿದೆ.

ಬಹಳ ದಿನವಾದ ಮೇಲೆ ಡಾಕ್ಟರರು ಪೇಢೆಯ ಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಪರದೇಶದ ದಪ್ಪ ಪತ್ರಿಕೆ. "ನೋಡ್ರಿ ಬಾಯಾರ, ಖರೇ ಉಲ್ಲೇಖ! ಕಾರ್ಡಲ್ಲ, ಅಚ್ಚಿನಾಗ ನನ್ನ ಹೆಸರು! ಪಟ್ಟಿಯಾಗ ಎಲ್ಲಾಕ್ಕಿಂತ ಮ್ಯಾಲೆ ಹಾಕ್ರಿ."

ಇಸಿದುಕೊಂಡು ಓದಿದೆ. ಅವರ ಹೆಸರು ನಿಜವಾಗಿಯೂ ಇತ್ತು. ಆ ಸಾಲನ್ನು ಕನ್ನಡ ಮಾಡಿ ಅವರಿಗೇ ಓದಿ ಹೇಳಿದೆ: ಈ ವೈದ್ಯರು ಚಿಕಿತ್ಸೆ ಕೊಟ್ಟ ಒಬ್ಬ ಹಳ್ಳಿಯ ಹೆಣ್ಣುಮಗಳಿಗೆ ಇದರಿಂದ ಏನೂ ಉಪಯೋಗವಾಗದೆ ಆಕೆ ಸತ್ತಳು, ಇಂಥ ಗಂಟುಗಳಿಗೆ ಕೊಯ್ದು ತೆಗೆಯುವುದನ್ನು ತಡ ಮಾಡಬಾರದು.

ಡಾಕ್ಟರರು ಪೇಢೆಯ ಪೆಟ್ಟಿಗೆ ಬಿಚ್ಚಿದರು. "ಇರಲಿ ಬಿಡ್ರಿ, ಪಟ್ಟಿಯಾಗ ಹೆಸರಷ್ಟ ಇರತೈತಿ. ಒಳಗ ಏನೈತಿ ಅಂತ ಯಾರು ಓದ್ತಾರ?"

"ಆಕಿ ನಮ್ಮಕ್ಕರಿ" ಎಂದೆ.

"ಯಾರು?"

ನಾನು ಮಷಿನ್ನಿಗೆ ಬಟ್ಟೆ ಹೊದಿಸಿದೆ. ಪೇಢೆ ಮುಟ್ಟಲಿಲ್ಲ. ಯಾರೂ ಓದುವುದಿಲ್ಲ ಎಂದು ಅವರು ಹೇಳಿದ್ದು ಖರೆಯೇ ಆಗಿತ್ತು. ಒಳಗೆ ಏನಿದೆ ಎಂದು ಓದಿದವಳು, ಈ ಊರಿನಲ್ಲಿ, ನಾನೊಬ್ಬಳೇ. ಓದಿಯೂ ಭಾವನಿಗೆ ಪಟ್ಟಿಯನ್ನಷ್ಟೇ ಓದಿ ಹೇಳಿದ್ದೆ.